ಟಾರ್ಚ್ ಬಿದ್ದರೆ ಏಳಬೇಕು

ನಮ್ಮ ಬೀದಿಯಲ್ಲಿ ನನಗಿರುವ ಮರ್ಯಾದೆ ನೆನೆಸಿಕೊಂಡರೆ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನಗರದ ದೊಡ್ಡ ಸಂಗೀತ ಭವನದಲ್ಲಿ ಯಾವ ಕಾರ್ಯಕ್ರಮ ನಡೆದರೂ ನನ್ನನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆಂದು ನನ್ನ ತಂಗಿ ಊರೆಲ್ಲ ಟಾಂಟಾಂ ಹೊಡೆದಿದ್ದಾಳೆ. "ನಮ್ಮಕ್ಕ ಮೂವತ್ತೊಂದು ವರ್ಷ ಸ್ಕೂಲಲ್ಲಿ ಸಂಗೀತ ಕಲಿಸಿದೋಳು, ಏನಂದ್ಕೊಂಡಿದೀರಿ?" ಎನ್ನುತ್ತಾಳೆ. ಟೀವಿಯಲ್ಲಿ ಅರೆಕ್ಷಣ ನನ್ನ ಮುಖ ಹಾದುಹೋದರೂ ಸಾಕು, ಮರುದಿನ ಔಷಧಿ ಅಂಗಡಿಯವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ. ನಾನು ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮೂರು ವರ್ಷವಾಯಿತು.

ನಿಜ ಏನೆಂದರೆ, ಅಲ್ಲಿ ನಾನು ಅತಿಥಿಯಲ್ಲ. ನಾನು 'ಭರ್ತಿ'. ನನ್ನ ಕೋಟಿನ ಒಳಜೇಬಿನಲ್ಲಿ ಒಂದು ನೀಲಿ ಕಾರ್ಡಿದೆ, ಅದರ ಮೇಲೆ 'ಭರ್ತಿ, ಸಂಖ್ಯೆ ೧೪' ಎಂದು ಅಚ್ಚಾಗಿದೆ.

ಕೆಲಸ ಹೀಗೆ. ಭವನದಲ್ಲಿ ಒಂಬತ್ತು ಸಾವಿರ ಕುರ್ಚಿ. ಮೇಲಿನ ಮೆಟ್ಟಿಲುಗಳಲ್ಲಿ ಕೂರುವವರು ಬಾಗಿಲು ತೆಗೆಯುವುದಕ್ಕೆ ಮೊದಲೇ ಬಂದು ನಿಂತಿರುತ್ತಾರೆ. ಮುಂದಿನ ಐದು ಸಾಲು ಮಾತ್ರ ದೊಡ್ಡವರದು. ಅವರು ಬರುವುದು ತಡವಾಗಿ, ಬಂದರೂ ಒಂದು ಕಡೆ ಕೂರುವವರಲ್ಲ. ಫೋನು ಬಂತೆಂದು ಏಳುತ್ತಾರೆ, ಕಾಫಿಗೆಂದು ಏಳುತ್ತಾರೆ, ಯಾರೋ ಕಂಡರೆಂದು ಏಳುತ್ತಾರೆ. ಟೀವಿಯವರ ಕ್ಯಾಮೆರಾ ತಿರುಗಿದಾಗ ಮುಂದಿನ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣಬಾರದಲ್ಲ, ಅದಕ್ಕೆ ನಾವು ಇಪ್ಪತ್ತು ಜನ. ಭವನದವರೇ ಕೊಟ್ಟ ಕಪ್ಪು ಕೋಟು ಹಾಕಿಕೊಂಡು ಖಾಲಿಯಾದ ಕುರ್ಚಿಯಲ್ಲಿ ಕೂರುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಕುರ್ಚಿಯವರು ವಾಪಸು ಬಂದರೆ ನಮ್ಮ ಮೇಲ್ವಿಚಾರಕಿ ನಮ್ಮ ಕಾಲ ಮೇಲೆ ಎರಡು ಸಲ ಟಾರ್ಚ್ ಬಿಡುತ್ತಾಳೆ. ಬಿದ್ದರೆ ಏಳಬೇಕು. ಯಾಕೆ ಎಂದು ಕೇಳಬಾರದು, ಯಾರು ಬಂದರೆಂದು ಮುಖ ನೋಡಬಾರದು. ಸೊಂಟ ಬಗ್ಗಿಸಿಕೊಂಡು ಎಡಗಡೆಯಿಂದ ಜಾರಿಕೊಳ್ಳಬೇಕು. ಕುರ್ಚಿ ತಾನಾಗಿ ಮಡಚಿಕೊಳ್ಳುವಂಥದ್ದು, ಹಾಗೇ ಬಿಟ್ಟರೆ 'ಟಪ್' ಎನ್ನುತ್ತದೆ. ಅದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಕು.

ಮೇಲ್ವಿಚಾರಕಿಗೆ ನಾವು ಇಟ್ಟಿರುವ ಹೆಸರು ಟಾರ್ಚಮ್ಮ. ಎದುರಿಗೆ ಹೇಳುವಷ್ಟು ಎದೆಗಾರಿಕೆ ಯಾರಿಗೂ ಇಲ್ಲ.

ಮೂರು ವರ್ಷದಲ್ಲಿ ಈ ಕೆಲಸ ಮೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ, ಒಂದು ಸಂಜೆ ಮನೆಯಲ್ಲಿ ಕರೆಂಟು ಹೋಗಿ, ತಂಗಿ ಟಾರ್ಚ್ ಹಿಡಿದುಕೊಂಡು ಬಂದಾಗ, ನಾನು ಊಟದ ತಟ್ಟೆ ಕೈಯಲ್ಲಿ ಹಿಡಿದವಳು ಹಾಗೇ ಎದ್ದು ನಿಂತಿದ್ದೆ. "ಎಲ್ಲಿಗೆ ಹೊರಟೆ ಅಕ್ಕ?" ಎಂದಳು. "ಉಪ್ಪು," ಎಂದೆ. ಉಪ್ಪು ಎದುರಿಗೇ ಇತ್ತು. ಹಾಡು ಕೇಳುವುದನ್ನಂತೂ ಬಿಟ್ಟೇಬಿಟ್ಟಿದ್ದೆ. ಕಿವಿ ವೇದಿಕೆಯ ಕಡೆಗಿದ್ದರೂ ಜೀವವೆಲ್ಲ ಪಾದದ ಹತ್ತಿರ.

ಆದರೆ ಕುರ್ಚಿಯಿಂದ ಏಳುವುದು ನನಗೆ ಭವನ ಕಲಿಸಿದ ವಿದ್ಯೆಯಲ್ಲ. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸ್ಕೂಲಿನಲ್ಲಿ ನಾನು ಮಕ್ಕಳಿಗೆ ಹೊಡೆದವಳಲ್ಲ, ಬೈದವಳೂ ಅಲ್ಲ. ಹಾಡುವಾಗ ಶ್ರುತಿ ತಪ್ಪಿತೋ, ಸುಮ್ಮನೆ ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಹಾಡುತ್ತಿದ್ದವರು ಅಲ್ಲಿಗೇ ನಿಲ್ಲಿಸಬೇಕು. ಎಲ್ಲಿ ತಪ್ಪಿತು, ಎಷ್ಟು ತಪ್ಪಿತು, ಒಂದೂ ಹೇಳುತ್ತಿರಲಿಲ್ಲ. ಅವರೇ ಕಂಡುಕೊಳ್ಳಲಿ ಎನ್ನುವುದು ನನ್ನ ಲೆಕ್ಕ. ಎಂಥ ನಯವಾದ ಪದ್ಧತಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಬೇರೆ ಸ್ಕೂಲಿನವರು ನೋಡಲು ಬಂದರೆ ಹೆಡ್‌ಮಿಸ್ ಅವರನ್ನು ನನ್ನ ಕ್ಲಾಸಿಗೇ ಕರೆತರುತ್ತಿದ್ದರು.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಕಾರ್ಯಕ್ರಮ. ಹೆಸರಾಂತ ಗಾಯಕನೊಬ್ಬನದು, ಎರಡು ದಿನ ಅದೇ ಹಾಡುಗಳನ್ನು ಹಾಡುತ್ತಾನೆ, ಎರಡರಲ್ಲಿ ಚೆನ್ನಾಗಿ ಬಂದದ್ದನ್ನು ಟೀವಿಯವರು ಹಾಕುತ್ತಾರೆ. ನಾವು ಒಂದು ಗಂಟೆಗೇ ಹಿಂಬಾಗಿಲಿನಿಂದ ಒಳಗೆ ಹೋದೆವು. ಭವನದ ಹೊಟ್ಟೆಯೊಳಗಿನ ದಾರಿ ನೋಡಿದವರಿಗೆ ಮೇಲಿನ ವೈಭವ ಸುಳ್ಳೆನಿಸುತ್ತದೆ. ಬಣ್ಣ ಕಾಣದ ಸಿಮೆಂಟು ಗೋಡೆ, ತಲೆಯ ಮೇಲೆ ದಪ್ಪ ದಪ್ಪ ಪೈಪು, ಚಕ್ರದ ಪೆಟ್ಟಿಗೆಗಳು, ನೆಲ ಒರೆಸಿದ ಔಷಧಿಯ ವಾಸನೆ. ಅಲ್ಲೇ ಒಂದು ಕಂಬಿಗೆ ನಮ್ಮ ಕೋಟುಗಳನ್ನು ತೂಗುಹಾಕಿರುತ್ತಾರೆ. ನನ್ನದರ ತೋಳು ಉದ್ದ, ಬೆರಳ ತುದಿ ಮಾತ್ರ ಕಾಣುತ್ತದೆ.

ದೊಡ್ಡ ಗಾಯಕ ಐದು ಹಾಡು ಹಾಡಿ ಬಟ್ಟೆ ಬದಲಿಸಲು ಒಳಗೆ ಹೋದ. ಅದೇ ಮುಹೂರ್ತಕ್ಕೆ ಕಾಯುತ್ತಿದ್ದವರ ಹಾಗೆ ಮುಂದಿನ ಸಾಲಿನ ದೊಡ್ಡವರೆಲ್ಲ ಎದ್ದು ಕಾಫಿಗೆ ಹೊರಟರು. ಟಾರ್ಚಮ್ಮ ನಮ್ಮನ್ನು ಒಟ್ಟಿಗೇ ಒಳಗೆ ನೂಕಿದಳು. ನನಗೆ ಮೂರನೆಯ ಸಾಲಿನ ನಡುವಿನ ಕುರ್ಚಿ. ಪಕ್ಕದಲ್ಲಿ ನಮ್ಮವರೇ ಆದ ಕ್ಯಾಶಿಯರು. ಬ್ಯಾಂಕಿನಿಂದ ನಿವೃತ್ತರಾದವರು, ಕೂತ ಮೂರು ನಿಮಿಷಕ್ಕೆ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ಕಲೆ ಸಿದ್ಧಿಸಿದವರು.

ಆ ಐದು ನಿಮಿಷ ತುಂಬಲು, ಹಿಂದೆ ನಿಂತು ದನಿಗೂಡಿಸುತ್ತಿದ್ದ ಮೂವರು ಹೆಂಗಸರಲ್ಲಿ ಒಬ್ಬಳು ಮುಂದೆ ಬಂದಳು. ಮೂವತ್ತರ ಆಚೀಚೆ ವಯಸ್ಸು, ತೆಳ್ಳಗೆ, ಉದ್ದಕ್ಕೆ. ಮೈಕಿನ ಮುಂದೆ ನಿಂತು ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

ಹಾಗೆ ಹೆಬ್ಬೆರಳು ಬಚ್ಚಿಟ್ಟುಕೊಂಡು ಹಾಡುತ್ತಿದ್ದವಳು ನನ್ನ ಮೂವತ್ತೊಂದು ವರ್ಷದಲ್ಲಿ ಒಬ್ಬಳೇ. ಕಡ್ಡಿ. ಕಡ್ಡಿಯ ಹಾಗಿದ್ದಳೆಂದು ಕ್ಲಾಸಿನವರು ಇಟ್ಟ ಹೆಸರು, ನಾನೂ ಹಾಗೇ ಕರೆಯುತ್ತಿದ್ದೆ.

ಕ್ಯಾಮೆರಾಕ್ಕೆಂದು ಮುಂದಿನ ಸಾಲುಗಳ ಮೇಲೆ ದೀಪ ಉರಿಯುತ್ತಲೇ ಇರುತ್ತದೆ. ಅವಳೂ ನನ್ನನ್ನು ಕಂಡಳು. ಕಣ್ಣು ಅರಳಿತು, ಕತ್ತು ಒಂದಿಷ್ಟು ಬಾಗಿತು. ಟೀಚರ್ ನನ್ನ ಹಾಡು ಕೇಳೋಕೆ ಬಂದಿದಾರೆ ಎಂದು ಆ ಮುಖದ ಮೇಲೆ ಬರೆದಿತ್ತು. ಉದ್ದನೆಯ ತೋಳಿನೊಳಗೆ ಕೈ ಎಳೆದುಕೊಂಡೆ. ಮುಖವನ್ನೂ ಎಳೆದುಕೊಳ್ಳುವ ಹಾಗಿದ್ದರೆ ಎಳೆದುಕೊಳ್ಳುತ್ತಿದ್ದೆ.

ಹದಿನೆಂಟು ವರ್ಷದ ಹಿಂದೆ ಸ್ಕೂಲುಗಳ ನಡುವಿನ ಸ್ಪರ್ಧೆಗೆ ನಾನು ಅವಳನ್ನೇ ಆರಿಸಿದ್ದೆ. ಕೊನೆಯ ಅಭ್ಯಾಸದ ದಿನ, ಅವಳು ಮೇಲಿನ ಸ್ವರಕ್ಕೆ ಏರಿದಾಗ, ನಾನು ಕುರ್ಚಿಯಿಂದ ಎದ್ದು ಕಿಟಕಿಗೆ ಹೋದೆ. ಅವಳು ನಿಲ್ಲಿಸಿದಳು. ಹಾಡು ಬೇರೆ ಹುಡುಗಿಗೆ ಹೋಯಿತು. ಅದರ ಬಗ್ಗೆ ಇನ್ನೂ ಹೇಳುವುದಿದೆ, ಆದರೆ ಸ್ವಲ್ಪ ತಾಳಿ, ನನಗೂ ಧೈರ್ಯ ಬರಬೇಕು.

ಅವಳು ಹಾಡಿದಳು. ಮೂರು ವರ್ಷದಲ್ಲಿ ಮೊದಲ ಸಲ ನಾನು ನನ್ನ ಪಾದಗಳನ್ನು ಮರೆತೆ. ಆಡಂಬರವಿಲ್ಲದ ಹಾಡು, ಯಾರೋ ಬಾಗಿಲಲ್ಲಿ ನಿಂತು ಒಳಗಿದ್ದವರನ್ನು ಕರೆಯುವ ಹಾಗೆ ಶುರುವಾಗಿ, ಮೆಲ್ಲಗೆ ಮೇಲೇರುತ್ತಿತ್ತು. ಗಾಯಕ ಒಳಗೆ ಹೋದಾಗಿನಿಂದ ಗಲಗಲ ಎನ್ನುತ್ತಿದ್ದ ಒಂಬತ್ತು ಸಾವಿರ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಕ್ಯಾಶಿಯರು ಕೂಡ ನಿಜವಾಗಿ ಎಚ್ಚರವಾದರು. ಮುಂದೆ ಆ ಮೇಲಿನ ಸ್ವರವಿದೆ ಎಂದು ನನಗೆ ಗೊತ್ತಾಯಿತು. ಅವಳು ಹತ್ತಿದಳು, ಮುಟ್ಟಿದಳು. ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಮುಟ್ಟಿದಳು.

ಅಷ್ಟರಲ್ಲಿ ನನ್ನ ಚಪ್ಪಲಿಯ ಮೇಲೆ ಬೆಳಕು ಬಿತ್ತು. ಒಮ್ಮೆ. ಇನ್ನೊಮ್ಮೆ.

ನಾನು ಎದ್ದೆ. ಏಳಬೇಕೋ ಬೇಡವೋ ಎಂದು ಯೋಚಿಸಿದ್ದರೆ ತಾನೇ? ಹಾಡಿನಲ್ಲಿ ಮುಳುಗಿದ್ದವಳಿಗೆ ಬಗ್ಗುವುದೂ ಮರೆತುಹೋಗಿ, ನೆಟ್ಟಗೆ, ಕ್ಲಾಸಿನಲ್ಲಿ ಏಳುತ್ತಿದ್ದ ಹಾಗೆ ಎದ್ದುಬಿಟ್ಟೆ. ಕೈ ತೋಳಿನೊಳಗಿತ್ತು, ಕುರ್ಚಿಯನ್ನು ಹಿಡಿಯಲಾಗಲಿಲ್ಲ. 'ಟಪ್' ಎಂದಿತು. ಹೋಗಲೆಂದು ಬೆನ್ನು ತಿರುಗಿಸಿದೆ.

ಹಾಡು ನಿಂತಿತು.

ನಾಲ್ಕು ಎಣಿಸುವಷ್ಟು ಹೊತ್ತು ಆ ದೊಡ್ಡ ಭವನದಲ್ಲಿ ಪಿಟೀಲು ಒಂದೇ ಕೇಳುತ್ತಿತ್ತು. ಆಮೇಲೆ ಅವಳು ಮತ್ತೆ ಎತ್ತಿಕೊಂಡಳು, ಆದರೆ ಕೆಳಗಿನ ಸ್ವರದಲ್ಲಿ, ತಗ್ಗಿದ ದನಿಯಲ್ಲಿ. ಮೇಲಕ್ಕೆ ಇನ್ನು ಹೋಗಲೇ ಇಲ್ಲ. ಹೇಗೋ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು, ಅವರಿಗೇನು ಗೊತ್ತು. ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿತ್ತು.

ಸಾಲಿನ ಕೊನೆಯಲ್ಲಿ ಟಾರ್ಚಮ್ಮ ನನ್ನ ರಟ್ಟೆ ಹಿಡಿದು ಪರದೆಯ ಹಿಂದಕ್ಕೆ ಎಳೆದುಕೊಂಡಳು. "ಯಾರ್ರೀ ನಿಮಗೆ ಏಳೋಕೆ ಹೇಳಿದ್ದು?"

"ಟಾರ್ಚ್ ಬಿತ್ತಲ್ಲ..."

"ನನ್ನ ಟಾರ್ಚ್ ಇಲ್ಲೇ ಇದೆ, ನೋಡಿ! ಹಿಂದಿನ ಸಾಲಲ್ಲಿ ಯಾರದೋ ಕನ್ನಡಕ ಬಿದ್ದಿತ್ತು, ಫೋನ್ ಲೈಟ್ ಹಾಕ್ಕೊಂಡು ಹುಡುಕ್ತಿದ್ರು. ಅಷ್ಟೂ ಗೊತ್ತಾಗಲ್ವಾ? ಕ್ಯಾಮೆರಾ ನಿಮ್ಮ ಮೇಲೇ ಇತ್ತು. ನಾಳೆಯಿಂದ ಬರೋದು ಬೇಡ. ಹೋಗೋವಾಗ ಬಾಗಿಲಲ್ಲಿ ಕೋಟು, ಕಾರ್ಡ್ ಎರಡೂ ಕೊಟ್ಟು ಹೋಗಿ."

ಕೆಲಸ ಹೋದದ್ದಕ್ಕೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿಗೆ ಅದು ಸೊಳ್ಳೆ ಕಚ್ಚಿದ ಹಾಗಿತ್ತು ಅಷ್ಟೆ. ಕಾರ್ಯಕ್ರಮ ಮುಗಿಯುವವರೆಗೆ ಹೊರಗೆ ಬಿಡುವುದಿಲ್ಲವಾದ್ದರಿಂದ ಕೋಟುಗಳ ಕಂಬಿಯ ಕೆಳಗೆ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದೆ. ಮೇಲೆ ಗುಡುಗಿನ ಹಾಗೆ ಚಪ್ಪಾಳೆ ಬಂದುಹೋಗುತ್ತಿತ್ತು. ಅವಳ ಹತ್ತಿರ ಹೋಗಿ ಹೇಳಬೇಕು ಎಂದುಕೊಂಡೆ. ಹೋಗದೆ ತಪ್ಪಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅಂದುಕೊಂಡೆ. ಎರಡನೆಯದೇ ಗೆದ್ದಿತು, ಮುಚ್ಚಿಟ್ಟು ಏನು ಪ್ರಯೋಜನ?

ಆದರೆ ಹಿಂಬಾಗಿಲಿಗೆ ಹೋಗುವ ದಾರಿ ಕಲಾವಿದರ ಕೋಣೆಗಳ ಮುಂದೆಯೇ ಹಾದುಹೋಗುತ್ತದೆ. ತಲೆ ತಗ್ಗಿಸಿಕೊಂಡು ಗೋಡೆಗಂಟಿಕೊಂಡು ನಡೆದೆ. ಒಂದು ಕೋಣೆಯಿಂದ ಗಂಡಸಿನ ದನಿ ಕೇಳುತ್ತಿತ್ತು.

"ನಾನು ಬಯ್ತಿಲ್ಲಮ್ಮ. ಇವತ್ತಿಂದು ಹಾಳಾಯ್ತು, ಹೋಗಲಿ. ನಾಳೆ ಇನ್ನೊಂದು ಸಲ ಇದೆಯಲ್ಲ. ನೀನು ಹಾಡ್ತೀಯೋ, ಇಲ್ಲ ನಿನ್ನ ಪಕ್ಕದವಳಿಗೆ ಕೊಡಲೋ? ಹತ್ತು ನಿಮಿಷದಲ್ಲಿ ಯೋಚನೆ ಮಾಡಿ ಹೇಳು."

ವೇದಿಕೆ ಮ್ಯಾನೇಜರ್ ಹೊರಗೆ ಬಂದು ನನ್ನನ್ನು ದಾಟಿಕೊಂಡು ಹೋದ. ಬಾಗಿಲು ತೆರೆದೇ ಇತ್ತು. ನಾನು ಹೆಜ್ಜೆ ಜೋರು ಮಾಡಿದೆ.

"ಟೀಚರ್!"

ಸಿಕ್ಕಿಬಿದ್ದೆ.

ಕೋಣೆ ಚಿಕ್ಕದು. ಸುತ್ತ ಬಲ್ಬುಗಳಿದ್ದ ಕನ್ನಡಿ, ಎರಡು ಕುರ್ಚಿ, ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ, ಅದರಾಚೆ ಲಾರಿಗಳು ನಿಂತ ಅಂಗಳ. ಅವಳು ಎದ್ದು ನನಗೆ ಕುರ್ಚಿ ಎಳೆದುಕೊಟ್ಟಳು. ಅವಳ ಕಣ್ಣಂಚಿನ ಕಾಡಿಗೆ ಕದಡಿತ್ತು.

"ನೀವು ಬಂದಿದ್ದು ನೋಡಿ ನನಗೆಷ್ಟು ಖುಷಿಯಾಯ್ತು ಗೊತ್ತಾ ಟೀಚರ್? ಆಮೇಲೆ ನೀವು ಎದ್ರಿ." ನಗಲು ನೋಡಿದಳು. "ಸರಿಯಾಗೇ ಮಾಡಿದ್ರಿ ಬಿಡಿ. ಆ ಜಾಗಕ್ಕೆ ಬಂದ್ರೆ ನಂದು ಇಳಿದುಬಿಡುತ್ತೆ. ಆವತ್ತಿಂದಾನೂ ಅಷ್ಟೆ."

"ಅಯ್ಯೋ, ಇಲ್ಲ ಕಣೆ. ಚೆನ್ನಾಗಿತ್ತು. ನನಗೆ ಕೆಮ್ಮು ಬಂತು, ಅದಕ್ಕೇ ಎದ್ದೆ," ಎಂದೆ. ಮಾತಿಗೆ ಸಾಕ್ಷಿಯಾಗಿ ಒಂದು ಸಲ ಕೆಮ್ಮಿದೆ ಕೂಡ. ಈಗ ನೆನೆಸಿಕೊಂಡರೆ ಆ ಕೆಮ್ಮಿಗೇ ನನಗೆ ಹೆಚ್ಚು ನಾಚಿಕೆ.

ಅವಳು ನೀರಿನ ಬಾಟಲಿ ತೆಗೆದುಕೊಟ್ಟಳು. "ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಬೇಡಿ ಟೀಚರ್. ಕೆಮ್ಮು ಬಂದವರು ಬಾಯಿಗೆ ಕೈ ಅಡ್ಡ ಇಟ್ಕೊಂಡು ಏಳ್ತಾರೆ. ನೀವು ಎದ್ದಿದ್ದು ಹೇಗೆ ಅಂತ ನನಗೆ ಗೊತ್ತಿಲ್ವಾ? ಐದು ವರ್ಷ ನೋಡಿದೀನಿ. ನಾಳೆ ನನ್ನ ಪಕ್ಕದವಳೇ ಹಾಡಲಿ ಅಂತ ಮ್ಯಾನೇಜರ್‌ಗೆ ಹೇಳಿಬಿಡ್ತೀನಿ, ನೀವೇನೂ ಮನಸ್ಸಿಗೆ ಹಚ್ಕೋಬೇಡಿ."

ನನಗೇ ಸಮಾಧಾನ ಹೇಳುತ್ತಿದ್ದಾಳೆ! ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಈ ಹುಡುಗಿಯ ಒಂದೇ ಒಂದು ಹಾಡು ನನ್ನ ಕೈಯಲ್ಲಿ ಸಿಕ್ಕಿಕೊಂಡಿದೆ, ಹತ್ತು ನಿಮಿಷದಲ್ಲಿ ಎರಡು ಆಗಲೇ ಹೋಗಿವೆ. ನೀರು ಕುಡಿದೆ. ಒಳಜೇಬಿಗೆ ಕೈಹಾಕಿ ನೀಲಿ ಕಾರ್ಡನ್ನು ತೆಗೆದು ಅವಳ ಕೈಗಿಟ್ಟೆ.

ಓದಿದಳು. ಇನ್ನೊಂದು ಸಲ ಓದಿದಳು. ಕಾರ್ಡಿನಿಂದ ನನ್ನ ಕೋಟಿನ ತೋಳಿಗೆ ಅವಳ ಕಣ್ಣು ಹೋಯಿತು.

"ಇಲ್ಲಿ ಇದು ನನ್ನ ಕೆಲಸ ಕಣಮ್ಮ," ಎಂದೆ. "ನಿನ್ನ ಹಾಡು ಅಂತ ನನಗೆ ಗೊತ್ತೇ ಇರಲಿಲ್ಲ. ಖಾಲಿ ಕುರ್ಚಿ ಇತ್ತು, ಕೂರಿಸಿದ್ರು. ಕಾಲ ಹತ್ರ ಬೆಳಕು ಬಿತ್ತು, ಎದ್ದೆ. ಅದೂ ನನಗೆ ಬಿದ್ದ ಬೆಳಕಲ್ಲ, ಯಾರೋ ಕನ್ನಡಕ ಹುಡುಕ್ತಿದ್ರಂತೆ. ಶ್ರುತಿಗೂ ನಾನು ಎದ್ದಿದ್ದಕ್ಕೂ ಸಂಬಂಧವೇ ಇಲ್ಲ. ನೀನು ಆ ಸ್ವರ ಮುಟ್ಟಿದ್ದೆ. ಸರಿಯಾಗಿ ಮುಟ್ಟಿದ್ದೆ."

ಇಷ್ಟು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ತಂಗಿಗೆ ಹೇಳದ್ದನ್ನು, ಬೀದಿಯವರಿಗೆ ಹೇಳದ್ದನ್ನು, ನನ್ನ ಶಿಷ್ಯೆಗೆ ಹೇಳಿದ್ದೆ. ಇನ್ನಾದರೂ ಮುಗಿಯಿತು, ನನ್ನ ಮಾನ ಕೊಟ್ಟು ಅವಳ ಹಾಡು ಬಿಡಿಸಿಕೊಂಡೆ ಎಂದು ಒಳಗೊಳಗೇ ಒಂದು ನಿಟ್ಟುಸಿರು ಕೂಡ ಬಿಟ್ಟೆ. ನಾನು ಎಂಥವಳೆಂದರೆ, ಅಷ್ಟಕ್ಕೇ ನನ್ನ ಬಗ್ಗೆ ನನಗೆ ಮೆಚ್ಚುಗೆ ಬರಲು ಶುರುವಾಗಿತ್ತು.

ಅವಳು ಕಾರ್ಡನ್ನು ಜೋಪಾನವಾಗಿ ಕನ್ನಡಿಯ ಮುಂದೆ ಇಟ್ಟಳು. ಅವಳ ಮುಖದಲ್ಲಿ ತಾತ್ಸಾರ ಕಾಣಲಿಲ್ಲ. ಕಂಡಿದ್ದರೆ ಎಷ್ಟೋ ವಾಸಿಯಿತ್ತು.

"ಇದರಲ್ಲಿ ನಾಚಿಕೆ ಪಡೋದು ಏನಿದೆ ಟೀಚರ್? ನಾನೂ ಹನ್ನೊಂದು ವರ್ಷದಿಂದ ಹಿಂದೆ ನಿಂತ್ಕೊಂಡು ಜಾಗ ತುಂಬ್ತಿರೋಳೇ." ಕದಡಿದ ಕಾಡಿಗೆಯನ್ನು ಬೆರಳಿನಿಂದ ಒರೆಸಿಕೊಂಡಳು. "ಇವತ್ತಿಂದು ಬೆಳಕಿನಿಂದ ಆಯ್ತು, ಒಪ್ಪಿದೆ. ಆದರೆ ಆವತ್ತು ಕ್ಲಾಸಲ್ಲಿ ಇದೇ ಸ್ವರಕ್ಕೆ ಬಂದಾಗ ಎದ್ರಲ್ಲ? ಆಗ ಯಾರ ಕನ್ನಡಕವೂ ಬಿದ್ದಿರಲಿಲ್ಲ. ಮನೆಗೆ ಹೋಗಿ ಎಲ್ಲಿ ತಪ್ಪಿತು ಅಂತ ಹುಡುಕಿದೆ ಟೀಚರ್. ಎಷ್ಟು ಹುಡುಕಿದ್ರೂ ನನ್ನ ಕಿವಿಗೆ ತಪ್ಪು ಕೇಳಿಸಲಿಲ್ಲ. ಅಂದ್ರೆ ನನ್ನ ಕಿವೀನೇ ಸರಿ ಇಲ್ಲ ಅಂದ್ಕೊಂಡೆ. ಆಮೇಲೆ ಆ ಸ್ವರ ಇರೋ ಹಾಡು ಬಂದ್ರೆ ನಾನೇ ಬೇಡ ಅಂತಿದ್ದೆ. ಗುಂಪಲ್ಲಿ ಹಾಡೋವಾಗ ಆ ಜಾಗದಲ್ಲಿ ಸುಮ್ಮನೆ ಬಾಯಿ ಆಡಿಸ್ತೀನಿ. ಇವತ್ತೇ ಮೊದಲನೇ ಸಲ ಧೈರ್ಯ ಮಾಡಿದ್ದು."

ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

"ಒಂದೇ ಒಂದು ಹೇಳಿ," ಎಂದಳು. "ಆವತ್ತು ನಾನು ತಪ್ಪಿದ್ನಾ?"

ಹೌದು ಎಂದುಬಿಡಬಹುದಿತ್ತು. ಹದಿನೆಂಟು ವರ್ಷ ಹಾಗೇ ಇದ್ದದ್ದು ಇನ್ನು ಮುಂದೆಯೂ ಹಾಗೇ ಇರುತ್ತಿತ್ತು. 'ಆಗ ಸ್ವಲ್ಪ ಇಳಿದಿತ್ತು, ಈಗ ಸರಿಹೋಗಿದೆ' ಎಂದರೆ ಅವಳು ನಂಬುತ್ತಿದ್ದಳು, ನಾಳೆ ಹಾಡುತ್ತಲೂ ಇದ್ದಳೇನೋ. ಆ ವಾಕ್ಯ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಇದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಅವಳು ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಕಾಯುತ್ತಿದ್ದಳು.

"ಇಲ್ಲ," ಎಂದೆ. "ನೀನು ತಪ್ಪಿರಲಿಲ್ಲ."

ಹೊರಗೆ ಲಾರಿಗೆ ಪೆಟ್ಟಿಗೆ ಏರಿಸುವ ಸದ್ದು ಬರುತ್ತಿತ್ತು.

"ಹೆಡ್‌ಮಿಸ್ ಅವರ ತಮ್ಮನ ಮಗಳು ನಿನ್ನ ಕ್ಲಾಸಲ್ಲೇ ಇದ್ದಳಲ್ಲ. ಅವಳನ್ನ ಕಳಿಸಿ ಅಂತ ಬೆಳಿಗ್ಗೆ ನನ್ನನ್ನ ಕರೆದು ಹೇಳಿದ್ರು. ಆ ವರ್ಷ ನನ್ನನ್ನ ದೂರದ ಸ್ಕೂಲಿಗೆ ಹಾಕೋ ಮಾತಿತ್ತು, ತಪ್ಪಿಸೋದು ಅವರ ಕೈಲಿತ್ತು. ನಿನ್ನ ಮುಖ ನೋಡ್ಕೊಂಡು ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೀನು ಹಾಡ್ತಾ ಇದ್ದೆ, ಚೆನ್ನಾಗಿ ಹಾಡ್ತಾ ಇದ್ದೆ, ನಾನು ಎದ್ದು ಕಿಟಕಿ ಹತ್ರ ಹೋದೆ. ಎದ್ದರೆ ನೀನು ಕಾರಣ ಕೇಳಲ್ಲ ಅಂತ ಗೊತ್ತಿತ್ತು."

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅವಳು ಗೆದ್ದಳಾ?" ಎಂದು ಮಾತ್ರ ಕೇಳಿದಳು.

"ಇಲ್ಲ. ಬಹುಮಾನಾನೇ ಬರಲಿಲ್ಲ."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಮ್ಮೆ ಬಾಯಿ ಬಿಟ್ಟವಳಿಗೆ ಮುಚ್ಚುವುದು ಗೊತ್ತಾಗಲಿಲ್ಲ. "ನೋಡಮ್ಮ, ಆಗ ನಮ್ಮ ಮನೆ ಪರಿಸ್ಥಿತಿ ಹಾಗಿತ್ತು," ಎಂದು ಶುರುಮಾಡಿದೆ. "ತಂಗಿ ಕೆಲಸ ಬಿಟ್ಟು ಕೂತಿದ್ದಳು, ಅವಳನ್ನ ಒಬ್ಬಳೇ ಬಿಟ್ಟು ದೂರ ಹೋಗೋ ಹಾಗಿರಲಿಲ್ಲ. ಎಲ್ಲರೂ ಏನೋ ಒಂದು ಹೊಂದಿಕೊಂಡೇ ಹೋಗಬೇಕು. ನಾಲ್ಕು ದಿನ ಬಿಟ್ಟು ನಿನ್ನನ್ನ ಕರೆದು ಹೇಳೋಣ ಅಂತಾನೇ ಇದ್ದೆ, ಅಷ್ಟರಲ್ಲಿ ಪರೀಕ್ಷೆ ಬಂತು. ಆಮೇಲೆ ನೀನೂ ಹೇಗೋ ಮುಂದೆ ಬಂದೆಯಲ್ಲ, ಇಷ್ಟು ದೊಡ್ಡ ಭವನದಲ್ಲಿ ಹಾಡೋ ಹಾಗಾದೆಯಲ್ಲ, ನನಗೂ ಅದೇ ಒಂದು..."

ಅವಳು ಕುರ್ಚಿಯಿಂದ ಎದ್ದಳು. ಸದ್ದಿಲ್ಲದೆ, ನೆಟ್ಟಗೆ. ಕಿಟಕಿಯ ಹತ್ತಿರ ಹೋಗಿ, ನನಗೆ ಬೆನ್ನು ತಿರುಗಿಸಿ ನಿಂತಳು.

ನಾನು ಅಲ್ಲಿಗೇ ನಿಲ್ಲಿಸಿದೆ.

ಆ ಬೆನ್ನು ನೋಡುತ್ತ ಕೂರುವುದು ಹೇಗಿರುತ್ತದೆಂದು ಮೂವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ. ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಹೋದೆ. ಒಂದು ಕಡೆಯೆಂದು ಹೇಳುವ ಹಾಗಿರಲಿಲ್ಲ.

ವೇದಿಕೆ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ. "ಏನಮ್ಮ, ನಾಳೆ ನೀನೋ, ಅವಳೋ?"

"ನಾನೇ ಹಾಡ್ತೀನಿ," ಎಂದಳು. ದನಿ ನಡುಗಲಿಲ್ಲ. ಅವಳು ತಿರುಗಲೂ ಇಲ್ಲ.

ಅವನು ಸರಿ ಎಂದು ತಲೆಯಾಡಿಸಿ, ಆಮೇಲೆ ನನ್ನನ್ನು ಕಂಡ. "ಇವರು ಯಾರು?"

ನಮ್ಮ ಟೀಚರ್ ಎಂದು ಅವಳು ಹೇಳುತ್ತಾಳೇನೋ ಎಂದು ಕಾದೆ. ಇಷ್ಟೆಲ್ಲ ಆದಮೇಲೂ ಕಾದೆ. ಕಿಟಕಿಯ ಕಡೆಯಿಂದ ಮಾತು ಬರಲಿಲ್ಲ.

"ಭರ್ತಿಯವಳು," ಎಂದೆ. "ಹದಿನಾಲ್ಕನೇ ನಂಬರ್."

ಕನ್ನಡಿಯ ಮುಂದಿದ್ದ ಕಾರ್ಡನ್ನು ತೆಗೆದುಕೊಂಡೆ. ಕುರ್ಚಿ ಸದ್ದಾಗದ ಹಾಗೆ ಹಿಡಿದು ಹಿಂದಕ್ಕೆ ಸರಿಸಿ, ಬಗ್ಗಿಕೊಂಡು, ಎಡಗಡೆಯಿಂದ ಹೊರಗೆ ಬಂದೆ.